ದೊಣ್ಣೆ ಮೆಣಸಿನಕಾಯಿಗೆ ಹೂರಣ: ನೀರಿನ ಲೆಕ್ಕ ಹಿಡಿದು ಮನೆಯಲ್ಲೇ ಸ್ಟಫಿಂಗ್ ಮಾಡುವ ಸಮಗ್ರ ಮಾರ್ಗದರ್ಶಿ

ಸ್ಟಫ್ಡ್ ಕ್ಯಾಪ್ಸಿಕಂ ನೋಡಲು ಚೆನ್ನಾಗಿ ಬಂದಿರುತ್ತದೆ. ಆದರೆ ತಟ್ಟೆಗೆ ಹಾಕಿದರೆ ಅಡಿಯಲ್ಲಿ ನೀರು ನಿಲ್ಲುತ್ತದೆ. ಒಳಗಿನ ಹೂರಣ ಸಪ್ಪೆ. ಒಂದು ತುಂಡು ಮುರಿದರೆ ಉಳಿದದ್ದೆಲ್ಲ ಹೊರಗೆ ಸುರಿಯುತ್ತದೆ. ಹೀಗಾದಾಗ ಕಾಯಿ ಸರಿಯಿಲ್ಲ, ಓವನ್ ಸರಿಯಿಲ್ಲ ಅನ್ನುತ್ತೇವೆ. ಹೆಚ್ಚಿನ ಸಲ ತಪ್ಪಿರುವುದು ಹೂರಣದ ನೀರಿನ ಲೆಕ್ಕ.

ದೊಣ್ಣೆ ಮೆಣಸಿನಕಾಯಿಯ ತೂಕದಲ್ಲಿ ಶೇಕಡ 92ರಿಂದ 94ರಷ್ಟು ನೀರೇ. ಬಿಸಿ ತಾಗಿದ ಕೂಡಲೇ ಅದು ಹೊರಗೆ ಬರತೊಡಗುತ್ತದೆ. ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಒಳಕ್ಕೆ ಇಳಿಯುತ್ತದೆ. ಒಳಗೆ ಇಳಿದ ನೀರನ್ನು ನಿಮ್ಮ ಹೂರಣ ಏನು ಮಾಡುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಯಾವ ಹೂರಣ ಮಾಡುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನೀರು ಕುಡಿಯುವ ಹೂರಣವಾ, ನೀರು ಬಿಡುವ ಹೂರಣವಾ, ಸುಮ್ಮನಿರುವ ಹೂರಣವಾ?

ಕಡಲೆ ಹಿಟ್ಟು, ಹಸಿ ಅಕ್ಕಿ, ಒಣ ಬ್ರೆಡ್ ಪುಡಿ ಇವೆಲ್ಲ ನೀರು ಕುಡಿಯುತ್ತವೆ. ಅಣಬೆ, ಟೊಮೆಟೊ, ಹಸಿ ಖೀಮಾ, ಸೋರೆಕಾಯಿ ಜಾತಿಯ ತರಕಾರಿಗಳು ನೀರು ಬಿಡುತ್ತವೆ. ಬೇಯಿಸಿದ ಆಲೂಗಡ್ಡೆ, ಪನೀರ್, ಮುಕ್ಕಾಲು ಬೆಂದ ಅನ್ನ ಇವು ನಡುವಿನವು. ಕುಡಿಯುವ ಹೂರಣಕ್ಕೆ ನೀರು ಸಿಗುವ ಹಾಗೆ ನೋಡಿಕೊಳ್ಳಬೇಕು. ಬಿಡುವ ಹೂರಣದ ನೀರನ್ನು ಬಾಣಲೆಯಲ್ಲೇ ಇಂಗಿಸಬೇಕು. ಮುಂದಿನ ಪ್ರತಿ ಹಂತದಲ್ಲೂ ಈ ಮಾತು ತಿರುಗಿ ಬರುತ್ತದೆ.

ಹಂತ 1: ಕಾಯಿ ನೋಡಿ ಹೂರಣ ಆರಿಸಿ

ಹಸಿರು ದೊಣ್ಣೆ ಮೆಣಸಿನಕಾಯಿ ಇನ್ನೂ ಹಣ್ಣಾಗದ ಕಾಯಿ. ಅದಕ್ಕೆ ಸ್ವಲ್ಪ ಕಹಿ ಇರುತ್ತದೆ, ಹುಲ್ಲಿನಂಥ ಹಸಿ ಘಾಟು ಇರುತ್ತದೆ. ಕೆಂಪು, ಹಳದಿ ಕಾಯಿಗಳು ಗಿಡದಲ್ಲೇ ಹಣ್ಣಾದವು, ಆದ್ದರಿಂದ ಸಿಹಿ ಜಾಸ್ತಿ. ಮೂರಕ್ಕೂ ಒಂದೇ ಹೂರಣ ತುಂಬಿದರೆ ಮೂರು ಬೇರೆ ಬೇರೆ ರುಚಿ ಬರುತ್ತದೆ. ಹಸಿರು ಕಾಯಿಗೆ ಆಲೂಗಡ್ಡೆ, ಕಡಲೆ ಹಿಟ್ಟು, ಶೇಂಗಾ ಇಂಥ ಗಟ್ಟಿ ರುಚಿಯ ಹೂರಣ ಚೆನ್ನಾಗಿ ಒಗ್ಗುತ್ತದೆ. ಜೊತೆಗೆ ಒಂದು ಚಿಟಿಕೆ ಸಿಹಿ, ಸ್ವಲ್ಪ ಹುಳಿ ಇದ್ದರೆ ಕಹಿ ಹಿಂದೆ ಸರಿಯುತ್ತದೆ. ಕೆಂಪು, ಹಳದಿ ಕಾಯಿಗೆ ಖಾರವನ್ನೂ ಹುಳಿಯನ್ನೂ ಧಾರಾಳವಾಗಿ ಹಾಕಿ. ಸಿಹಿ ಕಾಯಿಯೊಳಗೆ ಪನೀರ್, ಜೋಳ ಎರಡೂ ಸಿಹಿಯಾಗಿಯೇ ಇದ್ದರೆ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ.

ಕಾಯಿಯ ಅಡಿಯಲ್ಲಿ ಮೂರು ಉಬ್ಬಿದ್ದರೆ ಗಂಡು, ನಾಲ್ಕಿದ್ದರೆ ಹೆಣ್ಣು ಎಂಬ ಮಾತು ಓಡಾಡುತ್ತಿರುತ್ತದೆ. ಅದು ನಿಜವಲ್ಲ. ಆದರೆ ನಾಲ್ಕು ಉಬ್ಬಿನ ಕಾಯಿ ಅಲುಗಾಡದೆ ನೆಟ್ಟಗೆ ಕೂರುತ್ತದೆ. ಅಷ್ಟಕ್ಕೇ ಅದನ್ನು ಆರಿಸಿದರೆ ಸಾಕು.

ಹೇಗೆ ಕತ್ತರಿಸುತ್ತೀರಿ ಅನ್ನುವುದನ್ನೂ ಈಗಲೇ ಯೋಚಿಸಿ. ತೊಟ್ಟಿನ ಕಡೆ ಮುಚ್ಚಳದಂತೆ ಕೊಯ್ದು ನಿಲ್ಲಿಸಿ ಬೇಯಿಸಿದರೆ ಆವಿ ಒಳಗೇ ಉಳಿಯುತ್ತದೆ. ಹೂರಣ ಒಣಗಿರುವುದು ಮೇಲು. ಉದ್ದಕ್ಕೆ ಸೀಳಿ ದೋಣಿಯಂತೆ ಇಟ್ಟರೆ ಹೂರಣದ ಮೇಲ್ಭಾಗವೆಲ್ಲ ಬಿಸಿಗೆ ತೆರೆದಿರುತ್ತದೆ. ನೀರು ಬೇಗ ಆರುತ್ತದೆ. ಹೂರಣ ತುಸು ಮೆತ್ತಗಿದ್ದರೂ ನಡೆಯುತ್ತದೆ, ಎಣ್ಣೆಯೋ ಚೀಸೋ ಸ್ವಲ್ಪ ಜಾಸ್ತಿಯೇ ಬೇಕು.

ಹಂತ 2: ಎಷ್ಟು ಹೂರಣ ಬೇಕು?

ಮಧ್ಯಮ ಗಾತ್ರದ, ಸುಮಾರು 150 ಗ್ರಾಂ ತೂಗುವ ಒಂದು ಕಾಯಿಗೆ ಹೆಚ್ಚುಕಡಿಮೆ ಮುಕ್ಕಾಲು ಕಪ್ ಹೂರಣ ಹಿಡಿಯುತ್ತದೆ. ನಾಲ್ಕು ಕಾಯಿಗೆ 3 ಕಪ್. ಇಲ್ಲಿ ಕಪ್ ಅಂದರೆ 240 ಮಿಲಿಲೀಟರ್. ಕಾಯಿಗಳ ಆಕಾರ ಒಂದೇ ಥರ ಇರುವುದಿಲ್ಲ, ಅದಕ್ಕೇ ಅಳೆದುಬಿಡುವುದು ಒಳ್ಳೆಯದು. ಬೀಜ ತೆಗೆದ ಒಂದು ಕಾಯಿಗೆ ನೀರು ತುಂಬಿ, ಆ ನೀರನ್ನು ಅಳತೆ ಕಪ್ಪಿಗೆ ಸುರಿಯಿರಿ. ಅದನ್ನು ಕಾಯಿಗಳ ಸಂಖ್ಯೆಯಿಂದ ಗುಣಿಸಿ. ಅರ್ಧ ನಿಮಿಷದ ಕೆಲಸ. ಆಮೇಲೆ ಕಾಯಿಯನ್ನು ಬೋರಲು ಹಾಕಿ ಒಳಗೆ ಪೂರ್ತಿ ಒಣಗಲು ಬಿಡಿ.

ಬೀಜ ತೆಗೆಯುವಾಗ ಒಳಗಿನ ಬಿಳಿ ನಾರನ್ನೂ ತೆಗೆಯಿರಿ. ಅದು ಕಹಿ, ಜಾಗವನ್ನೂ ತಿನ್ನುತ್ತದೆ. ಮುಚ್ಚಳದ ತೊಟ್ಟಿನ ಸುತ್ತ ಉಳಿದ ಕಾಯಿಯ ಭಾಗವನ್ನು ಎಸೆಯಬೇಡಿ. ಸಣ್ಣಗೆ ಹೆಚ್ಚಿ ಹೂರಣಕ್ಕೇ ಸೇರಿಸಿ. ಹೊರಗಿನ ರುಚಿ ಒಳಗೂ ಇದ್ದರೆ ಎರಡೂ ಒಂದೇ ಅಡುಗೆ ಅನ್ನಿಸುತ್ತದೆ.

ಹಂತ 3: ತಳದ ಮಸಾಲೆ

ಬಹುತೇಕ ಎಲ್ಲ ಹೂರಣಕ್ಕೂ ತಳ ಒಂದೇ. ಎಣ್ಣೆ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮಸಾಲೆ ಪುಡಿ. 3 ಕಪ್ ಹೂರಣಕ್ಕೆ 2 ದೊಡ್ಡ ಚಮಚ ಎಣ್ಣೆ, 1 ದೊಡ್ಡ ಈರುಳ್ಳಿ, 1 ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಸಾಕು.

ಅಗಲವಾದ ಬಾಣಲೆ ತೆಗೆದುಕೊಳ್ಳಿ. ಈ ಮಾತನ್ನು ಒತ್ತಿ ಹೇಳುತ್ತೇನೆ. ಕಿರಿದಾದ ಪಾತ್ರೆಯಲ್ಲಿ ಹೂರಣ ತನ್ನದೇ ಆವಿಯಲ್ಲಿ ಬೇಯುತ್ತದೆ, ಹುರಿಯುವುದಿಲ್ಲ. ಅಗಲ ಬಾಣಲೆಯಲ್ಲಿ ಆವಿ ಹೊರಗೆ ಹೋಗುತ್ತದೆ, ರುಚಿ ಒಳಗೆ ಉಳಿಯುತ್ತದೆ.

ಎಣ್ಣೆ ಕಾದ ಮೇಲೆ ಜೀರಿಗೆ ಹಾಕಿ ಸಿಡಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿ. ಉಪ್ಪು ಈರುಳ್ಳಿಯ ನೀರನ್ನು ಬೇಗ ಹೊರಗೆ ಎಳೆಯುತ್ತದೆ. ಮಧ್ಯಮ ಉರಿಯಲ್ಲಿ 8ರಿಂದ 10 ನಿಮಿಷ ಬಾಡಿಸಿ. ಅಂಚು ಕೆಂಪಗಾಗಬೇಕು. ಅವಸರ ಮಾಡಿ ಅರೆಬೆಂದ ಈರುಳ್ಳಿ ಬಿಟ್ಟರೆ ಅದು ಆಮೇಲೆ ಕಾಯಿಯೊಳಗೆ ನೀರು ಬಿಡುತ್ತದೆ, ಕಚಕಚ ಅನ್ನುತ್ತದೆ.

ಆಮೇಲೆ ಶುಂಠಿ ಬೆಳ್ಳುಳ್ಳಿ ಪೇಸ್ಟ್. ಹಸಿ ವಾಸನೆ ಹೋದ ಮೇಲೆ ಉರಿ ಸಣ್ಣ ಮಾಡಿ ಅರಿಶಿನ, ಅಚ್ಚಖಾರದ ಪುಡಿ, ಕೊತ್ತಂಬರಿ ಪುಡಿ ಹಾಕಿ. ಪುಡಿಗಳನ್ನು ಎಣ್ಣೆಯಲ್ಲೇ ಅರ್ಧ ನಿಮಿಷ ಕೈಯಾಡಿಸಿ. ಮಸಾಲೆಯ ಘಮ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟು ಕರಗುವುದಿಲ್ಲ. ಪುಡಿಯನ್ನು ಕೊನೆಗೆ ಮೇಲಿಂದ ಉದುರಿಸಿದರೆ ಹೂರಣ ಬೆಂದರೂ ಪುಡಿ ಹಸಿಯಾಗಿಯೇ ಇರುತ್ತದೆ.

ಟೊಮೆಟೊ ಹಾಕುವುದಿದ್ದರೆ ಈಗ ಹಾಕಿ, ಎಣ್ಣೆ ಬಿಡುವವರೆಗೆ ಬೇಯಿಸಿ. ಬೇಳೆಗಾಗಲಿ ಆಲೂಗಡ್ಡೆಗಾಗಲಿ ಒಂದು ಮಾತು: ಹುಳಿ ಸೇರಿದ ಮೇಲೆ ಅವು ಮೆತ್ತಗಾಗಲು ತಡವಾಗುತ್ತದೆ. ಆದ್ದರಿಂದ ಅವನ್ನು ಬೇರೆಯಾಗಿ ಬೇಯಿಸಿಕೊಂಡೇ ಟೊಮೆಟೊ ಮಸಾಲೆಗೆ ಸೇರಿಸಬೇಕು.

ಹಂತ 4: ನಿಮ್ಮ ಹೂರಣ

ಆಲೂಗಡ್ಡೆ ಬಟಾಣಿ

ಎಲ್ಲರೂ ಮೊದಲು ಮಾಡುವುದು ಇದನ್ನೇ. 400 ಗ್ರಾಂ ಆಲೂಗಡ್ಡೆ, ಅರ್ಧ ಕಪ್ ಬಟಾಣಿ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ, ಇಡಿಯಾಗಿ ಬೇಯಿಸಿ. ಸುಲಿದು ತುಂಡು ಮಾಡಿ ಬೇಯಿಸಿದರೆ ಅದು ನೀರು ಹೀರುತ್ತದೆ, ಆ ನೀರು ಹೂರಣಕ್ಕೆ ಬರುತ್ತದೆ. ಬೆಂದ ಮೇಲೆ ಬಸಿದು, ಬಿಸಿ ಇರುವಾಗಲೇ ಸುಲಿದು ಐದು ನಿಮಿಷ ಹರಡಿಡಿ. ಆವಿ ಏಳುವುದು ನಿಂತ ಮೇಲೆ ಕೈಯಿಂದಲೇ ಕಿವುಚಿ. ಅಲ್ಲಲ್ಲಿ ಗೋಲಿ ಗಾತ್ರದ ತುಂಡು ಉಳಿಯಲಿ. ಮಿಕ್ಸಿಗೆ ಹಾಕಲೇಬೇಡಿ. ಬ್ಲೇಡಿನ ಹೊಡೆತಕ್ಕೆ ಪಿಷ್ಟವೆಲ್ಲ ಹೊರಬಂದು ಹೂರಣ ಅಂಟಂಟಾಗುತ್ತದೆ, ಮತ್ತೆ ಸರಿ ಮಾಡಲಾಗುವುದಿಲ್ಲ.

ತಳದ ಮಸಾಲೆಗೆ ಬೆಂದ ಬಟಾಣಿ, ಆಮೇಲೆ ಆಲೂಗಡ್ಡೆ ಸೇರಿಸಿ. ಉಪ್ಪು ಒಟ್ಟು ಒಂದು ಮಟ್ಟ ಚಮಚ ಆಗಲಿ. 3ರಿಂದ 4 ನಿಮಿಷ ಬಾಣಲೆಗೆ ಒತ್ತಿ ಒತ್ತಿ ಹುರಿಯಿರಿ. ಅಡಿಯಲ್ಲಿ ಅಲ್ಲಲ್ಲಿ ಕೆಂಪಗೆ ಹಿಡಿದದ್ದನ್ನು ಕೆರೆದು ಒಳಗೇ ಸೇರಿಸಿ, ರುಚಿ ಇರುವುದೇ ಅಲ್ಲಿ. ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಗರಂ ಮಸಾಲೆ.

ಪನೀರ್ ಜೋಳ

250 ಗ್ರಾಂ ಪನೀರ್, ಮುಕ್ಕಾಲು ಕಪ್ ಬೆಂದ ಸಿಹಿ ಜೋಳದ ಕಾಳು. ಮನೆಯಲ್ಲಿ ಒಡೆಸಿದ ಪನೀರಿನಲ್ಲಿ ನೀರು ಜಾಸ್ತಿ. ಬಟ್ಟೆಯಲ್ಲಿ ಸುತ್ತಿ ಭಾರ ಹೇರಿ 20 ನಿಮಿಷ ಇಡಿ. ಪನೀರ್ ಹುಳಿಯಿಂದ ಒಡೆದದ್ದು, ಆದ್ದರಿಂದ ಚೀಸ್‌ನಂತೆ ಕರಗುವುದಿಲ್ಲ. ಜಾಸ್ತಿ ಹೊತ್ತು ಬೇಯಿಸಿದರೆ ಬಿರುಸಾಗುತ್ತದೆ, ಅಷ್ಟೇ. ಹಾಗಾಗಿ ಜೋಳವನ್ನು ಮೊದಲು ಮಸಾಲೆಯಲ್ಲಿ ಹುರಿದು, ಪುಡಿ ಮಾಡಿದ ಪನೀರನ್ನು ಕೊನೆಯಲ್ಲಿ ಹಾಕಿ ಒಂದೇ ನಿಮಿಷ ಕೈಯಾಡಿಸಿ ಇಳಿಸಿ. ಕಾಯಿಯೊಳಗೆ ಅದು ಇನ್ನೂ ಬೇಯಲಿಕ್ಕಿದೆ.

ಪನೀರ್ ಹೂರಣ ಉದುರುತ್ತದೆ. ಅದಕ್ಕೆ ಹಿಡಿತ ಬೇಕು. ಒಂದು ದೊಡ್ಡ ಚಮಚ ಹುರಿದ ಕಡಲೆ ಹಿಟ್ಟು, ಅಥವಾ ಅರ್ಧ ಕಪ್ ತುರಿದ ಕರಗುವ ಚೀಸ್. ಚೀಸ್ ಹಾಕಿದರೆ ಉಪ್ಪು ಕಡಿಮೆ ಮಾಡಿ.

ಅಣಬೆ

ನೀರು ಬಿಡುವುದರಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. 400 ಗ್ರಾಂ ಅಣಬೆ ಹೆಚ್ಚಿದಾಗ ಬಾಣಲೆ ತುಂಬಾ ಕಾಣುತ್ತದೆ, ಹುರಿದ ಮೇಲೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ದೊಡ್ಡ ಉರಿ, ಅಗಲ ಬಾಣಲೆ, ಮುಚ್ಚಳ ಬೇಡ. ಮೊದಲು ಬಾಣಲೆಯಲ್ಲಿ ನೀರು ನಿಲ್ಲುತ್ತದೆ. ಆ ಹೊತ್ತಿಗೆ ಬೆಂದಿತು ಎಂದು ಇಳಿಸಿಬಿಡಬೇಡಿ. ನೀರು ಕುದಿಯುವಾಗ ಗುಳುಗುಳು ಸದ್ದಿರುತ್ತದೆ. ಇಂಗಿದ ಮೇಲೆ ಅದು ಹೋಗಿ ಎಣ್ಣೆಯ ಚುರುಚುರು ಸದ್ದು ಶುರುವಾಗುತ್ತದೆ. ಆ ಸದ್ದು ಬಂದ ಮೇಲೆ ಇನ್ನೂ 2 ನಿಮಿಷ ಹುರಿದು, ತುಂಡುಗಳ ಅಂಚು ಕಂದಿದಾಗ ಇಳಿಸಿ. ಅಣಬೆ ಒಂದನ್ನೇ ತುಂಬುವುದಕ್ಕಿಂತ ಅರ್ಧ ಆಲೂಗಡ್ಡೆಯೋ ಅನ್ನವೋ ಬೆರೆಸಿದರೆ ಹೊಟ್ಟೆಗೂ ಆಗುತ್ತದೆ, ಹಿಡಿತವೂ ಬರುತ್ತದೆ.

ಬೇಳೆ

ಮುಕ್ಕಾಲು ಕಪ್ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಧಾರಾಳ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ಮುದ್ದೆಯಾಗುತ್ತದೆ. ಬೆರಳಲ್ಲಿ ಒತ್ತಿದರೆ ಬೇಳೆ ಮುರಿಯಬೇಕು, ಕರಗಬಾರದು. ಅಷ್ಟಾದ ಕೂಡಲೇ ಜರಡಿಯಲ್ಲಿ ಬಸಿಯಿರಿ. 10 ನಿಮಿಷ ಹಾಗೇ ಬಿಟ್ಟು ಮಸಾಲೆಗೆ ಹಾಕಿ ನೀರು ಆರುವವರೆಗೆ ಹುರಿಯಿರಿ. ಇಂಗು, ಹಸಿ ಮೆಣಸಿನಕಾಯಿ, ಒಂದು ಹಿಡಿ ತೆಂಗಿನ ತುರಿ ಇದಕ್ಕೆ ಒಪ್ಪುತ್ತವೆ. ಹಾಲಾಗಲಿ ಮೊಟ್ಟೆಯಾಗಲಿ ಮುಟ್ಟದವರಿಗೆ ಪ್ರೊಟೀನ್ ಇರುವ ಹೂರಣ ಬೇಕಿದ್ದರೆ ನಾನು ಹೇಳುವುದು ಇದನ್ನೇ. ಸೋಯಾ ಗ್ರಾನ್ಯೂಲ್ಸ್ ಕೂಡ ಆಗುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಹಾಕಿ.

ಅನ್ನ

ಇಲ್ಲಿ ಎರಡು ದಾರಿ ಇದೆ. ಎರಡನ್ನೂ ಬೆರೆಸಬಾರದು.

ಮೊದಲನೆಯದು, ಮುಕ್ಕಾಲು ಬೆಂದ ಅನ್ನ. ಮುಕ್ಕಾಲು ಕಪ್ ಅಕ್ಕಿ ತೊಳೆದು, ಕುದಿಯುವ ನೀರಿಗೆ ಹಾಕಿ, ಕಾಳಿನ ನಡುವೆ ಸಣ್ಣ ಗಟ್ಟಿ ಚುಕ್ಕೆ ಉಳಿದಿರುವಾಗಲೇ ಬಸಿಯಿರಿ. ತಟ್ಟೆಯಲ್ಲಿ ಹರಡಿ. ಕಾಯಿ ಬಿಡುವ ನೀರನ್ನು ಕುಡಿದು ಅದು ಒಳಗೆ ಪೂರ್ತಿ ಬೇಯುತ್ತದೆ. ಪೂರ್ತಿ ಬೆಂದ ಅನ್ನ ತುಂಬಿದರೆ ಕಾಯಿ ಮೆತ್ತಗಾಗುವ ಹೊತ್ತಿಗೆ ಅನ್ನ ಕಲಸಿದಂತಾಗುತ್ತದೆ.

ಎರಡನೆಯದು, ಹಸಿ ಅಕ್ಕಿ. ಟರ್ಕಿಯಿಂದ ಬಾಲ್ಕನ್ ನಾಡುಗಳವರೆಗೆ ಇದೇ ರೂಢಿ. ಅರ್ಧ ಗಂಟೆ ನೆನೆಸಿದ ಅಕ್ಕಿಯನ್ನು ಈರುಳ್ಳಿ, ಎಣ್ಣೆ, ಮಸಾಲೆಯೊಂದಿಗೆ ಬೆರೆಸಿ ತುಂಬುತ್ತಾರೆ. ಕಾಯಿಗಳನ್ನು ಪಾತ್ರೆಯಲ್ಲಿ ಒತ್ತಾಗಿ ನಿಲ್ಲಿಸಿ, ಅರ್ಧದಷ್ಟು ಎತ್ತರಕ್ಕೆ ನೀರೋ ತೆಳು ಟೊಮೆಟೊ ರಸವೋ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ ಬೇಯಿಸುತ್ತಾರೆ. ಹಸಿ ಅಕ್ಕಿ ಬೆಂದಾಗ ಸುಮಾರು ಮೂರು ಪಟ್ಟು ಉಬ್ಬುತ್ತದೆ. ಆದ್ದರಿಂದ ಕಾಯಿಯನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ, ಒತ್ತಲೂಬೇಡಿ. ಒತ್ತಿ ತುಂಬಿದರೆ ಕಾಯಿ ಸೀಳುತ್ತದೆ, ನಡುವಿನ ಅಕ್ಕಿಗೆ ನೀರು ತಲುಪದೆ ಹಸಿಯೇ ಉಳಿಯುತ್ತದೆ. ಈ ಹೂರಣವನ್ನು ಒಣ ಓವನ್‌ಗೆ ಹಾಕಬಾರದು. ಕಾಯಿಯ ನೀರೊಂದೇ ಅದಕ್ಕೆ ಸಾಲುವುದಿಲ್ಲ.

ಬೆಂದ ಅನ್ನವನ್ನು ಹೊರಗೆ ತುಂಬ ಹೊತ್ತು ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮತ್ತೆ ಚಿಗುರಿ ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕೂಡಲೇ ತುಂಬುವುದಿಲ್ಲವಾದರೆ ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಖೀಮಾ

400 ಗ್ರಾಂ ಖೀಮಾ ನಾಲ್ಕು ಕಾಯಿಗೆ ಸಾಕು, ಜೊತೆಗೆ ಒಂದು ಕಪ್ ಮುಕ್ಕಾಲು ಬೆಂದ ಅನ್ನವೋ ಬಟಾಣಿಯೋ ಇರಲಿ. ಒಣ ಕಾದ ಬಾಣಲೆಯಲ್ಲಿ ಖೀಮಾ ಹರಡಿ, ಎರಡು ನಿಮಿಷ ಮುಟ್ಟದೆ ಬಿಡಿ. ಅಡಿ ಕೆಂಪಗಾದ ಮೇಲೆ ಮಗುಚಿ, ಗಂಟು ಒಡೆಯಿರಿ. ನೀರು ಬಿಟ್ಟೇ ಬಿಡುತ್ತದೆ. ಅದು ಇಂಗಿ, ಎಣ್ಣೆ ಬಿಡುವವರೆಗೆ ಹುರಿದು ತಳದ ಮಸಾಲೆಗೆ ಸೇರಿಸಿ. ಹೀಗೆ ಪೂರ್ತಿ ಬೇಯಿಸಿ ತುಂಬಿದರೆ ಕಾಯಿ ಎಷ್ಟು ಮೆತ್ತಗಿರಬೇಕೋ ಅಷ್ಟು ಹೊತ್ತು ಮಾತ್ರ ಬೇಯಿಸಬಹುದು.

ಹಸಿ ಖೀಮಾ ತುಂಬುವವರೂ ಇದ್ದಾರೆ. ಒಳಗೆ ಉಂಡೆಯಂತೆ ಗಟ್ಟಿಯಾಗಿ ಕೂರುತ್ತದೆ, ರಸ ಚೆನ್ನಾಗಿರುತ್ತದೆ. ಆಗ 500 ಗ್ರಾಂಗೆ ಒಂದು ಮೊಟ್ಟೆ, ಅರ್ಧ ಕಪ್ ಬ್ರೆಡ್ ಪುಡಿ ಹಾಕಿ, ಬಿಟ್ಟ ರಸವನ್ನು ಪುಡಿ ಹಿಡಿದಿಡುತ್ತದೆ. ನಡುಭಾಗ ಕನಿಷ್ಠ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕೋಳಿ ಖೀಮಾ ಆದರೆ 74. ಬಣ್ಣ ನೋಡಿ ಅಂದಾಜು ಮಾಡಬೇಡಿ, ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಅದು ಇಲ್ಲದಿದ್ದರೆ ಮೊದಲೇ ಬೇಯಿಸಿ ತುಂಬುವ ದಾರಿಯೇ ಕ್ಷೇಮ. ಅರ್ಧ ಬೇಯಿಸಿ ಎತ್ತಿಟ್ಟು ಆಮೇಲೆ ತುಂಬುವುದು ಮಾತ್ರ ಬೇಡವೇ ಬೇಡ.

ಹಸಿ ಖೀಮಾದ ಉಪ್ಪು ಖಾರ ನೋಡುವುದು ಹೇಗೆ? ಒಂದು ಚಮಚದಷ್ಟು ತಟ್ಟಿ ಬಾಣಲೆಯಲ್ಲಿ ಬೇಯಿಸಿ ತಿಂದು ನೋಡಿ. ಹಸಿಯಾಗಿ ನಾಲಿಗೆಗೆ ಹಚ್ಚಬೇಡಿ.

ಕಡಲೆ ಹಿಟ್ಟಿನ ಒಣ ಮಸಾಲೆ

ಸಣ್ಣ ಕಾಯಿಗಳಿಗೆ, ಉದ್ದನೆಯ ಕಡಿಮೆ ಖಾರದ ಮೆಣಸಿನಕಾಯಿಗಳಿಗೆ ಇದಕ್ಕಿಂತ ಒಳ್ಳೆಯ ಹೂರಣ ನನಗೆ ಗೊತ್ತಿಲ್ಲ. ಕಾಯಿಯ ನೀರು ಉಳಿದ ಹೂರಣಗಳಿಗೆ ತೊಂದರೆ ಕೊಟ್ಟರೆ ಇದಕ್ಕೆ ಅದೇ ಬೇಕು.

1 ಕಪ್ ಕಡಲೆ ಹಿಟ್ಟು, 4 ದೊಡ್ಡ ಚಮಚ ಎಣ್ಣೆ, ಕಾಲು ಕಪ್ ಹುರಿದ ಶೇಂಗಾ ಪುಡಿ, 2 ದೊಡ್ಡ ಚಮಚ ಹುರಿದ ಎಳ್ಳು, ಅರ್ಧ ಚಮಚ ಓಮ, 1 ಚಮಚ ಅಚ್ಚಖಾರದ ಪುಡಿ, 2 ಚಮಚ ಕೊತ್ತಂಬರಿ ಪುಡಿ, ಮುಕ್ಕಾಲು ಚಮಚ ಉಪ್ಪು, 1 ಚಮಚ ಬೆಲ್ಲದ ಪುಡಿ, ಅರ್ಧ ನಿಂಬೆಹಣ್ಣು.

ಎಣ್ಣೆಯಲ್ಲಿ ಓಮ ಹಾಕಿ, ಹಿಟ್ಟು ಸುರಿದು ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕೈ ಬಿಡದೆ ಹುರಿಯಿರಿ. ಮೊದಲು ಹಿಟ್ಟು ಗಂಟು ಗಂಟಾಗಿ ಭಾರವಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಸಡಿಲವಾಗಿ ಸೌಟಿಗೆ ಹಗುರವಾಗುತ್ತದೆ. ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಅಡುಗೆ ಮನೆ ತುಂಬಾ ಘಮ ಹರಡುತ್ತದೆ. ಆಗ ಇಳಿಸಿ. ಹಸಿ ಕಡಲೆ ಹಿಟ್ಟಿನ ರುಚಿ ಕಾಯಿಯೊಳಗೆ ಹೋದ ಮೇಲೆ ಹೋಗುವುದಿಲ್ಲ, ಇಲ್ಲೇ ಹೋಗಬೇಕು. ಬಾಣಲೆ ಇಳಿಸಿದ ಮೇಲೆ ಉಳಿದ ಪುಡಿಗಳನ್ನೂ ನಿಂಬೆರಸವನ್ನೂ ಸೇರಿಸಿ. 2ರಿಂದ 3 ದೊಡ್ಡ ಚಮಚ ನೀರು ಚಿಮುಕಿಸಿ ಬೆರಳ ತುದಿಯಲ್ಲಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಹತ್ತು ಹನ್ನೆರಡು ಸಣ್ಣ ಕಾಯಿಗೆ ಇಷ್ಟು ಸಾಕು.

ಖಾರದ ಮೆಣಸಿನಕಾಯಿಗೆ ತುಂಬುವವರಿಗೊಂದು ಮಾತು. ಖಾರ ಜಾಸ್ತಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿರುವ ಬಿಳಿ ಭಾಗದಲ್ಲಿ. ಅದನ್ನು ಚಮಚದ ಹಿಡಿಯಿಂದ ಕೆರೆದು ತೆಗೆದರೆ ಖಾರ ಬಹಳ ಇಳಿಯುತ್ತದೆ. ಕೈಗವಸು ಹಾಕಿಕೊಳ್ಳಿ. ಕೈ ಉರಿದರೆ ಮೊದಲು ಎಣ್ಣೆ ಸವರಿ, ಆಮೇಲೆ ಸೋಪಿನಿಂದ ತೊಳೆಯಿರಿ. ಖಾರ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಜಗ್ಗುವುದಿಲ್ಲ.

ಹಂತ 5: ತುಂಬುವ ಮೊದಲು ಮೂರು ಪರೀಕ್ಷೆ

ಬಾಣಲೆಯ ನಡುವೆ ಸೌಟಿನಿಂದ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಯಿಂದ ನೀರು ಒಸರಿ ನಡುವೆ ಸೇರಿದರೆ ಹೂರಣ ಇನ್ನೂ ಸಿದ್ಧವಿಲ್ಲ. ಗೆರೆ ಹಾಗೇ ಒಣಗಿ ನಿಂತರೆ ಸರಿ. ಎಣ್ಣೆ ಮಿನುಗಿದರೆ ಪರವಾಗಿಲ್ಲ.

ಎರಡನೆಯದು ಹಿಡಿತ. ಒಂದು ಮುಷ್ಟಿ ಹೂರಣ ಹಿಸುಕಿ ಅಂಗೈ ಬಿಚ್ಚಿ. ಬೆರಳಿನ ಗುರುತು ಅದರ ಮೇಲೆ ಉಳಿಯಬೇಕು, ಅಂಗೈ ಒದ್ದೆಯಾಗಬಾರದು. ಪೂರ್ತಿ ಉದುರಿಹೋದರೆ ಹಿಡಿತಕ್ಕೆ ಏನಾದರೂ ಬೇಕು: ಹುರಿಗಡಲೆ ಪುಡಿ, ಚೀಸ್, ಸ್ವಲ್ಪ ಕಿವುಚಿದ ಆಲೂಗಡ್ಡೆ. ಬಿಡಿಬಿಡಿಯಾಗಿರಬೇಕಾದ ಅನ್ನ, ಬೇಳೆಗೆ ಈ ಪರೀಕ್ಷೆ ಬೇಡ.

ಮೂರನೆಯದು ರುಚಿ. ಬರೀ ಹೂರಣ ತಿಂದು ನೋಡಿದರೆ ಲೆಕ್ಕ ತಪ್ಪುತ್ತದೆ. ಕಾಯಿಯಿಂದ ಒಂದು ಸಣ್ಣ ಚೂರು ಕೊಯ್ದು, ಅದರ ಮೇಲೆ ಹೂರಣ ಇಟ್ಟು ಒಟ್ಟಿಗೆ ಅಗಿಯಿರಿ. ಆಗ ಉಪ್ಪು ಕಡಿಮೆ ಅನ್ನಿಸುತ್ತದೆ ಅಲ್ವಾ? ಕಾಯಿಗೆ ಉಪ್ಪಿಲ್ಲ, ಮೇಲಾಗಿ ಅದು ನೀರು ಬಿಡಲಿದೆ. ಎರಡೂ ಸೇರಿ ಬಾಯಿಗೆ ಸರಿ ಬರುವಷ್ಟು ಉಪ್ಪು, ಹುಳಿ, ಖಾರ ಏರಿಸಿ. ಹೂರಣ ಒಂದನ್ನೇ ತಿಂದಾಗ ಒಂದು ಕೈ ಮುಂದೆ ಇರಬೇಕು.

ಹಂತ 6: ಆರಿಸಿ, ತುಂಬಿ

ಬಿಸಿ ಹೂರಣವನ್ನು ತುಂಬಿದರೆ ಅದರ ಆವಿ ಕಾಯಿಯ ಗೋಡೆಗೆ ತಾಗಿ ನೀರಾಗುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೆಚ್ಚಗಾಗುವವರೆಗೆ ಆರಲು ಬಿಡಿ. ಆರುವಾಗ ಹೊರಟ ಆವಿ ಕೂಡ ನಿಮ್ಮ ಲೆಕ್ಕಕ್ಕೆ ಲಾಭವೇ. ಕೊತ್ತಂಬರಿ ಸೊಪ್ಪು, ಪುದೀನ, ಗೋಡಂಬಿ ಚೂರು ಇವನ್ನು ಆರಿದ ಮೇಲೆ ಸೇರಿಸಿ.

ಕಾಯಿಯ ಒಳಗೆ ಚಿಟಿಕೆ ಉಪ್ಪು ಸವರಿ. ಇದನ್ನು ಮುಂಚೆಯೇ ಮಾಡಿಟ್ಟರೆ ನೀರು ಬಿಡುತ್ತದೆ, ಒರೆಸಿಯೇ ತುಂಬಬೇಕು. ಅಣಬೆಯಂಥ ಹೂರಣವಾದರೆ ತಳಕ್ಕೆ ಒಂದು ಚಮಚ ಬ್ರೆಡ್ ಪುಡಿಯೋ ಹುರಿಗಡಲೆ ಪುಡಿಯೋ ಉದುರಿಸಿ. ಇಳಿದ ನೀರನ್ನು ಅದು ಹಿಡಿದುಕೊಳ್ಳುತ್ತದೆ. ಆಲೂಗಡ್ಡೆ, ಪನೀರ್ ಹೂರಣವನ್ನು ಮೂಲೆಗಳಿಗೂ ಸೇರುವ ಹಾಗೆ ಚಮಚದಿಂದ ಒತ್ತಿ ತುಂಬಿ, ಇಲ್ಲದಿದ್ದರೆ ಬೆಂದ ಮೇಲೆ ಕುಸಿದು ಕಾಯಿ ಟೊಳ್ಳಾಗುತ್ತದೆ. ಅನ್ನ, ಬೇಳೆ ಹೂರಣ ಸಡಿಲವಾಗಿರಲಿ.

ಹಂತ 7: ಬೇಯಿಸುವುದು

ಹೂರಣ ಮೊದಲೇ ಬೆಂದಿದ್ದರೆ ಇಲ್ಲಿ ಬೇಯಬೇಕಾದದ್ದು ಕಾಯಿ ಮಾತ್ರ. ಓವನ್‌ನಲ್ಲಿ 190 ಡಿಗ್ರಿಗೆ 30ರಿಂದ 35 ನಿಮಿಷ. ಸೀಳಿದ ಕಾಯಿಗೆ 20ರಿಂದ 25. ಮೇಲಿನ ಚೀಸನ್ನು ಕೊನೆಯ 8 ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ತೊಗಲಾಗುತ್ತದೆ. ಒಲೆಯ ಮೇಲಾದರೆ ದಪ್ಪ ತಳದ ಬಾಣಲೆಯಲ್ಲಿ 2 ದೊಡ್ಡ ಚಮಚ ಎಣ್ಣೆ ಬಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ. ನಡುನಡುವೆ ತಿರುಗಿಸಿ. ಕೊನೆಯ 3 ನಿಮಿಷ ಮುಚ್ಚಳ ತೆಗೆದು ನಿಂತ ನೀರನ್ನು ಆರಿಸಿ. ಕಡಲೆ ಹಿಟ್ಟಿನ ಹೂರಣಕ್ಕೆ ಮಾತ್ರ ಮುಚ್ಚಳ ತೆಗೆಯುವ ಅವಸರ ಬೇಡ. ಆವಿ ಕುಡಿದೇ ಅದು ಮೆತ್ತಗಾಗಬೇಕು.

ಕಾಯಿ ತುಂಬ ದಪ್ಪಗಿದ್ದರೆ, ಮೆತ್ತಗೆ ಬೇಕೆನಿಸಿದರೆ, ತುಂಬುವ ಮೊದಲೇ ಕುದಿಯುವ ನೀರಿನಲ್ಲಿ 2 ನಿಮಿಷ ಅದ್ದಿ ತೆಗೆದು ಬೋರಲು ಹಾಕಿ ಪೂರ್ತಿ ಒಣಗಿಸಿ. ನನಗೆ ಕಾಯಿ ಕಚ್ಚಿದಾಗ ಸ್ವಲ್ಪ ಗಟ್ಟಿಯಾಗಿರಬೇಕು, ಆದ್ದರಿಂದ ಇದನ್ನು ಮಾಡುವುದಿಲ್ಲ.

ಬೆಂದ ಮೇಲೆ 5 ನಿಮಿಷ ಮುಟ್ಟದೆ ಬಿಡಿ. ಹೂರಣ ಅಷ್ಟರಲ್ಲಿ ಗಟ್ಟಿಯಾಗಿ ಕೂರುತ್ತದೆ.

ಹದ ತಪ್ಪಿದರೆ

ಹೂರಣ ನೀರಾಗಿದ್ದರೆ ಮೊದಲು ಮತ್ತೆ ಬಾಣಲೆಗೆ ಹಾಕಿ ಹುರಿಯಿರಿ. ಹಿಟ್ಟು ಸುರಿಯುವುದು ಎರಡನೇ ದಾರಿ, ಯಾಕೆಂದರೆ ಹಿಟ್ಟು ನೀರಿನ ಜೊತೆ ರುಚಿಯನ್ನೂ ಮುಚ್ಚುತ್ತದೆ. ಹಾಕಲೇಬೇಕಾದರೆ ಹುರಿಗಡಲೆ ಪುಡಿ ಹಾಕಿ, ಅದಕ್ಕೆ ಹಸಿ ವಾಸನೆ ಇರುವುದಿಲ್ಲ. ಉಪ್ಪು ಜಾಸ್ತಿಯಾದರೆ ಉಪ್ಪಿಲ್ಲದ ಆಲೂಗಡ್ಡೆ, ಅನ್ನ, ಪನೀರ್ ಯಾವುದಾದರೂ ಬೆರೆಸಿ ಪ್ರಮಾಣ ಹೆಚ್ಚಿಸಿ. ಒಣಗಿ ಉದುರುತ್ತಿದ್ದರೆ ಒಂದು ಚಮಚ ಎಣ್ಣೆಯೋ ಗಟ್ಟಿ ಮೊಸರೋ ಸಾಕು. ಸಪ್ಪೆ ಅನ್ನಿಸಿದರೆ ಉಪ್ಪಿಗೆ ಕೈ ಹಾಕುವ ಮೊದಲು ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಹಲವು ಸಲ ಬೇಕಿದ್ದದ್ದು ಹುಳಿಯೇ ಆಗಿರುತ್ತದೆ.

ಮೊದಲೇ ಮಾಡಿಡುವುದಾದರೆ

ಬೇಯಿಸಿದ ಹೂರಣ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ 2 ದಿನ ಚೆನ್ನಾಗಿರುತ್ತದೆ. ಕಾಯಿಗೆ ತುಂಬಿ ಇಡುವುದಾದರೆ ಒಂದು ರಾತ್ರಿ ಸಾಕು, ಆಮೇಲೆ ಉಪ್ಪು ಕಾಯಿಯ ನೀರನ್ನು ಎಳೆಯತೊಡಗುತ್ತದೆ. ತಣ್ಣಗಿನ ಕಾಯಿಗೆ ಓವನ್‌ನಲ್ಲಿ 10 ನಿಮಿಷ ಜಾಸ್ತಿ ಕೊಡಿ. ಖೀಮಾ, ಬೇಳೆ ಹೂರಣವನ್ನು ಫ್ರೀಜರ್‌ನಲ್ಲಿ ಎರಡು ತಿಂಗಳು ಇಡಬಹುದು. ಆಲೂಗಡ್ಡೆ ಹೂರಣ ಮಾತ್ರ ಫ್ರೀಜರ್‌ಗೆ ಬೇಡ. ಕರಗಿದಾಗ ನೀರು ಬೇರೆ, ರವೆಯಂಥ ತರಿ ಬೇರೆ ಆಗುತ್ತದೆ. ಫ್ರೀಜರ್‌ನಿಂದ ತೆಗೆದ ಹೂರಣವನ್ನು ಫ್ರಿಜ್‌ನಲ್ಲಿಟ್ಟು ಕರಗಿಸಿ, ಬಾಣಲೆಯಲ್ಲಿ ಹಾಕಿ, ಗೆರೆ ಎಳೆದು ನೋಡಿ, ನೀರು ಆರಿದ ಮೇಲೆ ಆರಿಸಿಕೊಂಡೇ ಕಾಯಿಗೆ ತುಂಬಿ.